ಮೊದಲು ನೀರು ಕೇಳಿ, ಆಮೇಲೆ ಮಾತು ಕೇಳಿ

ಪ್ರಶ್ನೆ ಹಾಕುವುದಕ್ಕೂ ಕಿವಿಗೊಡುವುದಕ್ಕೂ ಕನ್ನಡದಲ್ಲಿ ಒಂದೇ ಮಾತು: ಕೇಳುವುದು. ನಮ್ಮ ಕ್ರೈಸ್ತ ಸಭೆಗಳಲ್ಲಿ ಎರಡೂ ಕಮ್ಮಿ. ಸಾಕ್ಷಿ ಹೇಳಲು, ವಚನ ಹೇಳಲು, ಪ್ರಸಂಗ ಹೇಳಲು ಚಿಕ್ಕಂದಿನಿಂದ ರೂಢಿ ಮಾಡಿಸುತ್ತೇವೆ. ಕೇಳಲು ಯಾರೂ ಕಲಿಸಿಲ್ಲ.

ಕಲಬುರಗಿ, ಬೀದರ್, ಯಾದಗಿರಿಯ ಬಹುತೇಕ ಓಣಿಗಳಲ್ಲಿ ನಮ್ಮವು ನಾಲ್ಕಾರು ಮನೆ. ಒಂದು ಕಡೆ ಲಿಂಗಾಯತರು, ಇನ್ನೊಂದು ಕಡೆ ಮುಸ್ಲಿಮರು, ಹಿಂದಿನ ಸಾಲಿನಲ್ಲಿ ಜೈ ಭೀಮ್ ಎನ್ನುವ ಬೌದ್ಧರು, ಊರಾಚೆ ತಾಂಡಾ. ಬೀದರಿನಲ್ಲಾದರೆ ನಾನಕ್ ಝೀರಾ ಗುರುದ್ವಾರದ ಸಿಖ್ಖರೂ ಇದ್ದಾರೆ. ಇವರ ನಡುವೆ ನಾವು ಒಂದೋ ಬಾಯಿ ಮುಚ್ಚಿಕೊಂಡು ಬದುಕುತ್ತೇವೆ, ಇಲ್ಲವೇ ಬಾಯಿ ಬಿಟ್ಟರೆ ಬೋಧನೆ ಮಾಡುತ್ತೇವೆ. ನಡುವಿನ ದಾರಿ ಹಿಡಿಯಬೇಕೆನ್ನುವ ಸಭೆಯ ಹಿರಿಯರು, ಯುವಕ ಸಂಘ, ಮಹಿಳಾ ಸಂಘದವರಿಗಾಗಿ ಇದನ್ನು ಬರೆದಿದ್ದೇವೆ.

ಹೊರಡುವ ಮೊದಲು ನಾಲಿಗೆ ನೋಡಿಕೊಳ್ಳಿ

ಸಭೆಯೊಳಗೆ ನಾವು ಬಳಸುವ ಕೆಲವು ಮಾತುಗಳನ್ನು ಹೊರಗಿನವರ ಕಿವಿಯಿಂದ ಕೇಳಿ ನೋಡಿ. 'ಅನ್ಯಜನರು', 'ಲೋಕದವರು', 'ಕತ್ತಲೆಯಲ್ಲಿರುವವರು', 'ಆತ್ಮಗಳನ್ನು ಗೆಲ್ಲುವುದು'. ಇಪ್ಪತ್ತು ವರ್ಷ ಒಂದೇ ನಲ್ಲಿಯಲ್ಲಿ ನೀರು ಹಿಡಿದ ಪಕ್ಕದ ಮನೆಯಾಕೆ ನಮ್ಮ ಪ್ರಾರ್ಥನೆಯಲ್ಲಿ 'ಅನ್ಯಳು' ಆಗಿರುತ್ತಾಳೆ. ಭಾನುವಾರ ಆಡಿದ ಮಾತು ಸೋಮವಾರ ಅವಳೆದುರು ತಾನಾಗಿ ಬಾಯಿಗೆ ಬರುತ್ತದೆ. ಆದ್ದರಿಂದ ಮೊದಲ ಕೆಲಸ ಸಭೆಯೊಳಗಿನದು: ಒಂದು ತಿಂಗಳು ಈ ಪದಗಳನ್ನು ಬಿಟ್ಟು ಪ್ರಾರ್ಥಿಸಿ. 'ನೆರೆಯವರು' ಅನ್ನಿ, ಅಥವಾ ಹೆಸರು ಹಿಡಿದೇ ಹೇಳಿ. ಮೊದಲ ವಾರ ಹಿರಿಯರೇ ತಡವರಿಸುತ್ತಾರೆ, ತಡವರಿಸಲಿ.

'ಕುರಿಮರಿಯ ರಕ್ತದಿಂದ ತೊಳೆಯಲ್ಪಟ್ಟು' ಎಂಬುದು ನಮಗೆ ಜೋಗುಳದಂತೆ ಪರಿಚಿತ. ತಲೆಮಾರುಗಳಿಂದ ಮಾಂಸ ಮುಟ್ಟದ ಮನೆಯ ಪಡಸಾಲೆಯಲ್ಲಿ ಅದನ್ನು ಆಡಿದರೆ ಮುಂದೆ ನೀವು ಹೇಳುವ ಯಾವುದೂ ಅವರ ಕಿವಿಗೆ ಬೀಳುವುದಿಲ್ಲ.

ಪುಸ್ತಕ ಓದಿ ತಯಾರಾಗಿ ಹೋಗುವುದೂ ಬೇಡ. 'ಇಸ್ಲಾಂ ಹೀಗೆನ್ನುತ್ತದೆ' ಎಂದು ಓದಿಕೊಂಡು ಹೋದವರಿಗೆ ಎದುರಿಗಿರುವ ಮನುಷ್ಯ ಕಾಣುವುದಿಲ್ಲ. ಒಂದೇ ಓಣಿಯಲ್ಲಿ ಗುರುವಾರ ತಪ್ಪದೆ ಕಲಬುರಗಿಯ ಬಂದೇ ನವಾಜ್ ದರ್ಗಾಕ್ಕೆ ಹೋಗುವ ಮುಸ್ಲಿಂ ಕುಟುಂಬವೂ ಇರುತ್ತದೆ, ದರ್ಗಾಕ್ಕೆ ಹೋಗುವುದೇ ತಪ್ಪೆನ್ನುವ ಮುಸ್ಲಿಂ ಕುಟುಂಬವೂ ಇರುತ್ತದೆ. ಅದೇ ದರ್ಗಾದಲ್ಲಿ ಹಿಂದೂಗಳೂ ಸಕ್ಕರೆ ಓದಿಸುತ್ತಾರೆ. ಬೀದರಿನ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹ್ ವಲಿಯ ಉರುಸಿಗೆ ಲಿಂಗಾಯತ ಜಂಗಮರು ಬರುತ್ತಾರೆ. ಸುರಪುರದ ಹತ್ತಿರ ತಿಂಥಣಿಯ ಮೌನೇಶ್ವರನ ಗದ್ದುಗೆ ಮುಂದೆ 'ಪಾಂಚೋ ಪೀರ್ ಮೌನದ್ದೀನ್' ಎಂದು ಜಯಕಾರ ಹಾಕುತ್ತಾರೆ. ಈ ಸೀಮೆಯಲ್ಲಿ ಯಾರನ್ನಾದರೂ ಒಂದೇ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಲು ಹೋದರೆ ಕಾಲೋ ಕೈಯೋ ಹೊರಗೇ ಉಳಿಯುತ್ತದೆ. ಅದಕ್ಕೇ ಇಲ್ಲಿ ಎಲ್ಲ ಪ್ರಶ್ನೆಗಳಿಗಿಂತ ಕೆಲಸಕ್ಕೆ ಬರುವ ಪ್ರಶ್ನೆ ಒಂದೇ: "ನಿಮ್ಮ ಮನಿಯಾಗ ಹ್ಯಾಂಗ್ರಿ?"

ಹೊಸ್ತಿಲಲ್ಲಿ

ಯೋಹಾನನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಯೇಸು ಸಮಾರ್ಯದ ಹೆಂಗಸಿನ ಜೊತೆ ಮಾತು ಶುರುಮಾಡಿದ್ದು ಬೋಧನೆಯಿಂದಲ್ಲ. ಮಟಮಟ ಮಧ್ಯಾಹ್ನ, ಬಾವಿ ಕಟ್ಟೆ ಮೇಲೆ ಕೂತು, ಕುಡಿಯಲು ನೀರು ಕೊಡು ಎಂದ. ಯೆಹೂದ್ಯರು ಸಮಾರ್ಯದವರೊಡನೆ ಬಳಕೆ ಇಟ್ಟುಕೊಳ್ಳದ ಕಾಲ. ಕೇಳಿದ್ದು ಕೊಡುವವನಾಗಿ ಅಲ್ಲ, ಬೇಡುವವನಾಗಿ. ಆಕೆಗೆ ಆಶ್ಚರ್ಯವಾಗಿದ್ದೂ ಅದಕ್ಕೇ. ಜಾತಿಗೊಂದು ಬಾವಿಯಿದ್ದ ನಮ್ಮ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟುತ್ತದೆ. ಯಾರ ಮನೆಗೆ ಹೋದರೂ ಮೊದಲು ಬರುವುದು ನೀರಿನ ತಂಬಿಗೆ. ಬಾಟಲಿ ಹಿಡಿದುಕೊಂಡು ಹೋಗಬೇಡಿ. ಚೀಲದಿಂದ ಬಿಸ್ಲೇರಿ ತೆಗೆದು ಕುಡಿದಿರೆಂದರೆ 'ನಿಮ್ಮ ನೀರು ನಮಗೆ ನಡೆಯುವುದಿಲ್ಲ' ಎಂದೇ ಅರ್ಥ. ಕೊಟ್ಟ ನೀರು ಬಲಗೈಯಲ್ಲಿ ತೆಗೆದುಕೊಂಡು, ಬಾಯಾರಿಕೆ ಇಲ್ಲದಿದ್ದರೂ ಎರಡು ಗುಟುಕು ಕುಡಿದು ಕೆಳಗಿಡಿ. ತಂಬಿಗೆಗೆ ತುಟಿ ಹಚ್ಚದೆ ಎತ್ತಿ ಕುಡಿಯುವುದು ರೂಢಿಯಾದರೆ ಒಳ್ಳೆಯದು. ರಂಜಾನ್ ತಿಂಗಳಲ್ಲಿ ಮುಸ್ಲಿಂ ಮನೆಗೆ ಹಗಲು ಹೋಗಿ ನೀರು ಕೇಳಿ ಪೇಚಿಗೆ ಸಿಕ್ಕಿಸಬೇಡಿ. ಇಫ್ತಾರಿಗೆ ಕರೆದರೆ ಸೂರ್ಯ ಮುಳುಗುವುದಕ್ಕೆ ಹತ್ತು ನಿಮಿಷ ಮೊದಲೇ ಹೋಗಿ ಕೂಡಿ. ತಡವಾಗಿ ಹೋದರೆ ಹಸಿದವರು ನಿಮಗಾಗಿ ಕಾಯಬೇಕಾಗುತ್ತದೆ.

ಬೈಬಲ್ ಕೈಯಲ್ಲಿದ್ದರೆ ನೆಲದ ಮೇಲೆ, ಚಪ್ಪಲಿ ಪಕ್ಕದಲ್ಲಿ ಇಡಬೇಡಿ. ಕುರಾನನ್ನು ಬಟ್ಟೆಯಲ್ಲಿ ಸುತ್ತಿ ಎತ್ತರದಲ್ಲಿಡುವ ಮನೆಯವರಿಗೆ ನೀವು ನಿಮ್ಮ ಗ್ರಂಥವನ್ನೇ ಕಡೆಗಣಿಸಿದಂತೆ ಕಾಣುತ್ತದೆ. ಲಿಂಗಾಯತರ ಕೊರಳಿನಲ್ಲಿ ಇಷ್ಟಲಿಂಗವಿರುವ ಕರಡಿಗೆಯತ್ತ ಬೆರಳು ಮಾಡಿ 'ಇದೇನು' ಎನ್ನಬೇಡಿ, ಮುಟ್ಟುವುದಂತೂ ದೂರ. ಗುರುದ್ವಾರಕ್ಕೆ ಹೋದರೆ ತಲೆಗೆ ಬಟ್ಟೆ, ಕಾಲು ಬರಿದು. ಲಂಗರಿನಲ್ಲಿ, ಅಂದರೆ ಅಲ್ಲಿನ ಸಾಮೂಹಿಕ ಊಟದಲ್ಲಿ, ಸಾಲಾಗಿ ನೆಲಕ್ಕೆ ಕೂತು ರೊಟ್ಟಿಗೆ ಎರಡೂ ಕೈ ಚಾಚಬೇಕು, ಬಡಿಸಿಕೊಂಡದ್ದು ಬಿಡಬಾರದು.

ಒಂದು ಮಾತು ಖಡಾಖಂಡಿತ. ಬೇರೆ ಲೋಟ ಇಟ್ಟ ಮನೆಯಲ್ಲಿ, ಮೇಲಿಂದ ನೀರು ಹೊಯ್ಯುವ ಮನೆಯಲ್ಲಿ 'ಪ್ರೀತಿ' ಎಂದು ಕೂತು ನುಂಗಿಕೊಳ್ಳಬೇಕಿಲ್ಲ. "ಈ ಲೋಟದಾಗ ನಾನು ಕುಡಿಯಂಗಿಲ್ರಿ" ಎಂದು ಎದ್ದು ಬರಬಹುದು, ಕೂಗಾಡುವ ಅಗತ್ಯವಿಲ್ಲ. ಅಸ್ಪೃಶ್ಯತೆ ಸಂವಿಧಾನದ 17ನೇ ವಿಧಿಯಲ್ಲಿ ಅಪರಾಧ. ಅದನ್ನು ಸಹಿಸುವುದು ಕ್ರೈಸ್ತ ಗುಣವೇನಲ್ಲ. ಸಭೆಯ ಹಿರಿಯರು ದಲಿತ ವಿಶ್ವಾಸಿಗಳನ್ನು ಇಂಥ ಮನೆಗಳಿಗೆ 'ತಾಳ್ಮೆ ಕಲಿಯಲು' ಕಳಿಸುವುದು ಕ್ರೌರ್ಯ. ಅಲ್ಲಿಗೆ ಹೋಗುವುದಿದ್ದರೆ ಹಿರಿಯರೇ ಹೋಗಲಿ.

ತಿರುಗಿ ಹೇಳುವುದು

ಇಡೀ ಕೆಲಸದ ಕೀಲಿ ಇಲ್ಲಿದೆ. ಅವರು ಹೇಳಿದ್ದನ್ನು ನೀವು ನಿಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು, ಅದನ್ನು ಕೇಳಿ ಅವರು "ಹೌದ್ರಿ, ಅದೇ" ಅನ್ನಬೇಕು. ಅಲ್ಲಿಯತನಕ ನಿಮ್ಮ ಅಭಿಪ್ರಾಯಕ್ಕೆ ಸರದಿ ಬಂದಿಲ್ಲ. ಕೇಳಿಸಿಕೊಳ್ಳುವ ಮೊದಲೇ ಉತ್ತರ ಕೊಡುವುದು ಮೂರ್ಖತನ, ಅವಮಾನ ಎಂದು ಜ್ಞಾನೋಕ್ತಿ 18:13 ಹೇಳುತ್ತದೆ. ನಾವು ಆ ಅಧ್ಯಾಯ ಓದಿ ಮುಗಿಸುವ ಮೊದಲೇ ಉತ್ತರ ಕೊಡುವವರು.

ಮಾದರಿಗೆ ಒಂದು ಮಾತುಕತೆ. ಪಕ್ಕದ ಮನೆಯ ಲಿಂಗಾಯತ ಯಜಮಾನರು ಕಟ್ಟೆ ಮೇಲೆ ಕೂತು ಅನ್ನುತ್ತಾರೆ:

"ನಿಮ್ ಮಂದಿಗಿ ಏನ್ ಅನ್ಬೇಕ್ರಿ. ಶರಣಬಸಪ್ಪನ ಜಾತ್ರಿಗಿ ಕರದ್ರ ಬರಂಗಿಲ್ಲ, ಪ್ರಸಾದ ಕೊಟ್ರ ಮುಟ್ಟಂಗಿಲ್ಲ. ನಾವ್ ಮಾತ್ರ ನಿಮ್ ಕ್ರಿಸ್‌ಮಸ್‌ಗಿ ಬರ್ಬೇಕು."

ಬಾಯಿಗೆ ಬರುವ ಉತ್ತರ ಎಲ್ಲರಿಗೂ ಗೊತ್ತು: "ಅಲ್ರಿ, ನಮ್ ಬೈಬಲ್‌ದಾಗ ಏನ್ ಬರ್ದದ ಅಂದ್ರ..." ಇಲ್ಲಿಗೆ ಮಾತು ಸತ್ತಿತು. ಅವರು ಬೈಬಲಿನಲ್ಲಿ ಏನಿದೆ ಎಂದು ಕೇಳಲಿಲ್ಲ. ಬದಲಿಗೆ ಹೀಗೆ:

"ನೀವ್ ಬರ್ತೀರಿ, ನಾವ್ ಬರಂಗಿಲ್ಲ. ಒಂದೇ ಕಡಿಯಿಂದ ನಡೀಲತ್ತದ ಅಂತ ನಿಮಗ ಬ್ಯಾಸರ ಆಗ್ಯಾದ. ಹೌದಲ್ರಿ?"

"ಬ್ಯಾಸರ ಅಲ್ರಿ. ನಮ್ ಅವ್ವ ಹ್ವಾದ ವರ್ಷ ಮಾಡಿ ಕೊಟ್ಟ ಶೇಂಗಾ ಹೋಳಿಗಿ ನಿಮ್ ಮನಿಯವ್ರು ಕಟ್ಟಿ ಮ್ಯಾಲೇ ಇಟ್ಟು ಹ್ವಾದ್ರು. ಈ ವರ್ಷ ಅವ್ವ ಇಲ್ಲ."

ನಿಮ್ಮ ಊಹೆ ತಪ್ಪಾಗಿತ್ತು. ತಪ್ಪಾಗಿದ್ದರಿಂದಲೇ ಒಳಗಿನದು ಹೊರಬಂತು. ತಿರುಗಿ ಹೇಳುವುದರ ಗುಟ್ಟೇ ಇದು: ತಪ್ಪು ಹೇಳಿದರೂ ಅವರು ತಿದ್ದುತ್ತಾರೆ, ತಿದ್ದುವಾಗ ನಿಜ ಹೇಳುತ್ತಾರೆ. ವಿಷಯ ವಿಗ್ರಹದ್ದಾಗಿರಲೇ ಇಲ್ಲ. ಆ ಹೋಳಿಗೆ ಯಾವ ದೇವರ ಮುಂದೆಯೂ ಇಟ್ಟದ್ದಾಗಿರಲಿಕ್ಕಿಲ್ಲ. ಈಗ ಹೇಳಬೇಕಾದ್ದು ಒಂದೇ, "ಅದು ತಪ್ಪಾತ್ರಿ". ಹೇಳಿ ಸುಮ್ಮನೆ ಕೂಡಿ.

ಸುಮ್ಮನೆ ಕೂಡುವುದಕ್ಕೆ ಒಂದು ಅಳತೆ: ಅವರು ಮಾತು ನಿಲ್ಲಿಸಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ. ಮೊದಮೊದಲು ಆ ಐದು ಎಣಿಕೆ ಐದು ನಿಮಿಷದಂತೆ ಅನಿಸುತ್ತದೆ. ಸಾಮಾನ್ಯವಾಗಿ ಮೂರು-ನಾಲ್ಕು ಎಣಿಸುವಷ್ಟರಲ್ಲಿ ಅವರೇ ಮತ್ತೆ ಶುರುಮಾಡುತ್ತಾರೆ, ಎರಡನೇ ಸಲ ಬರುವುದು ಮೊದಲನೆಯದಕ್ಕಿಂತ ಆಳದ್ದು. ಸಾವಿನ ಮನೆಯಲ್ಲಿ ಎಣಿಸುವುದೂ ಬೇಡ. ಯೋಬನ ಗೆಳೆಯರು ಏಳು ದಿನ ಅವನ ಜೊತೆ ಮಾತಿಲ್ಲದೆ ನೆಲದ ಮೇಲೆ ಕೂತರು. ಬಾಯಿ ತೆರೆದ ಮೇಲೆಯೇ ಕೆಟ್ಟಿದ್ದು.

ಭಾಷೆಯ ಬಗ್ಗೆ: ದಖನಿ ಮಾತಾಡುವ ಅಜ್ಜಿಗೆ, ಔರಾದ್ ಕಡೆಯ ಮರಾಠಿಯವರಿಗೆ, ಗುರುಮಠಕಲ್ಲಿನ ತೆಲುಗಿನವರಿಗೆ, ತಾಂಡಾದ ಲಂಬಾಣಿ ಹೆಂಗಸರಿಗೆ ಬಜಾರಿನ ಕನ್ನಡ ಬರುತ್ತದೆ, ಅಳುವ ಕನ್ನಡ ಬರುವುದಿಲ್ಲ. ಅವರ ಮಾತಿನಲ್ಲೇ ಹೇಳಲಿ. ಅನುವಾದಕ್ಕೆ ಮನೆಯ ಮಗುವನ್ನು ಕೂಡಿಸಬೇಡಿ. ತಾಯಿಯ ಸಂಕಟವನ್ನು ಹತ್ತು ವರ್ಷದ ಹುಡುಗಿಯ ಬಾಯಿಂದ ಹೇಳಿಸುವುದು ಇಬ್ಬರಿಗೂ ಭಾರ.

ಕೇಳಬಾರದ ಪ್ರಶ್ನೆಗಳು

'ಯಾಕೆ' ಎಂದು ಶುರುವಾಗುವುದೆಲ್ಲ ವಿಚಾರಣೆಯಂತೆ ಕೇಳಿಸುತ್ತದೆ. 'ಯಾಕೆ ಬುರ್ಖಾ ಹಾಕ್ತೀರಿ?' ಅನ್ನುವ ಬದಲು 'ಯಾವ ವಯಸ್ಸಿನಿಂದ ರೂಢಿ?' ಅನ್ನಿ. ಮಹಿಳಾ ಸಂಘದವರು ಮಾತ್ರ ಕೇಳಬೇಕಾದ ಪ್ರಶ್ನೆ ಇದು, ಗಂಡಸರು ಕೇಳುವಂಥದ್ದಲ್ಲ. ಲಿಂಗಾಯತರನ್ನು 'ನೀವು ಹಿಂದೂನೋ ಅಲ್ಲವೋ' ಎಂದು ಕೇಳಿದರೆ ಒಬ್ಬರು ಹೌದೆನ್ನುತ್ತಾರೆ, ಅವರ ಅಣ್ಣ ಅಲ್ಲವೆನ್ನುತ್ತಾರೆ, ನೀವು ಇಬ್ಬರ ನಡುವೆ ಸಿಕ್ಕಿಕೊಳ್ಳುತ್ತೀರಿ.

ಬೌದ್ಧರ ವಿಷಯದಲ್ಲಿ ನಮ್ಮವರು ಪದೇ ಪದೇ ಎಡವುತ್ತಾರೆ. ಅಂಬೇಡ್ಕರರು 1935ರಲ್ಲಿ ಯೇವಲಾದಲ್ಲಿ ತಾನು ಹಿಂದುವಾಗಿ ಸಾಯುವುದಿಲ್ಲ ಎಂದರು. ಆಮೇಲೆ 21 ವರ್ಷ ಯೋಚಿಸಿ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬುದ್ಧನ ದಾರಿ ಹಿಡಿದರು. ಕ್ರೈಸ್ತ ಧರ್ಮ ಅವರಿಗೆ ಗೊತ್ತಿಲ್ಲದ್ದೇನಲ್ಲ, ನೋಡಿಯೇ ಬಿಟ್ಟರು. ಆದ್ದರಿಂದ 'ನೀವೂ ಯೇಸುವಿನ ಬಳಿ ಬರಬಹುದಿತ್ತಲ್ಲ' ಎನ್ನುವುದು ಅವರ ತಂದೆಯಂಥವರ ಬುದ್ಧಿಯನ್ನೇ ಪ್ರಶ್ನಿಸಿದಂತೆ. ಕಲಬುರಗಿಯ ಬುದ್ಧ ವಿಹಾರಕ್ಕೆ ಒಮ್ಮೆ ಅವರ ಜೊತೆಯೇ ಹೋಗಿ, ಅವರು ತೋರಿಸಿದ್ದನ್ನು ನೋಡಿ. ಮೀಸಲಾತಿಯ ಮಾತು ಬಂದರೆ ಎಚ್ಚರ: 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗಷ್ಟೇ ಇತ್ತು, 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಸಿಕ್ಕಿತು, ದಲಿತ ಕ್ರೈಸ್ತರಿಗೆ ಸಿಕ್ಕಿಲ್ಲ. ನಮ್ಮ ಈ ನೋವು ನಿಜ. ಆದರೆ ಅವರ ಮನೆಯಲ್ಲಿ ಕೂತು ಅದನ್ನು ಅವರ ಮೇಲೆ ಕಾರಬೇಡಿ, ಅವರು ಕಿತ್ತುಕೊಂಡದ್ದಲ್ಲ.

ಇನ್ನು ಸೆಪ್ಟೆಂಬರ್ 17, ನಮ್ಮ ಸೀಮೆಯೂ ಇದ್ದ ನಿಜಾಮನ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ದಿನ. ಸರಕಾರದ ಲೆಕ್ಕದಲ್ಲಿ ಕಲ್ಯಾಣ ಕರ್ನಾಟಕ ಉತ್ಸವ, ಧ್ವಜ, ಭಾಷಣ. ಮನೆಗಳ ಲೆಕ್ಕ ಬೇರೆ. ಕೆಲವು ಮನೆಯ ಹಿರಿಯರು ನಿಜಾಮನ ಪರ ಇದ್ದ ಸಶಸ್ತ್ರ ಪಡೆಯವರಾದ ರಜಾಕಾರರು ಊರಿಗೆ ನುಗ್ಗಿದ ಕಥೆ ಹೇಳುತ್ತಾರೆ. ಕೆಲವು ಮನೆಗಳಲ್ಲಿ, ಸಂಸ್ಥಾನವನ್ನು ಸೇರಿಸಿಕೊಳ್ಳಲು ಭಾರತ ಸೈನ್ಯ ಕಳಿಸಿದ 1948ರ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಮುಸ್ಲಿಮರ ಮೇಲೆ ನಡೆದದ್ದರ ನೆನಪಿದೆ. ಇದನ್ನು ತಿಳಿಯಲು ಆಗ ಭಾರತ ಸರಕಾರ ಕಳಿಸಿದ ಸುಂದರ್‌ಲಾಲ್ ಸಮಿತಿಯ ವರದಿಯಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳ ಪಟ್ಟಿಯಲ್ಲಿ ಗುಲ್ಬರ್ಗ (ಈಗಿನ ಕಲಬುರಗಿ), ಬೀದರ್ ಎರಡೂ ಇವೆ. ಎರಡೂ ನೆನಪು ನಿಜ. ಒಂದನ್ನು ಕೇಳುವಾಗ 'ಅವರಿಗೂ ಆಗಿತ್ತಲ್ಲ' ಎಂದು ಇನ್ನೊಂದನ್ನು ತಕ್ಕಡಿಗೆ ಹಾಕಬೇಡಿ. ಈ ಮನೆಯಲ್ಲಿ ಈ ಮನೆಯದು ಕೇಳಿ, ಆ ಮನೆಯಲ್ಲಿ ಆ ಮನೆಯದು.

ಎಡಿ, ಊಟ, ಕೇಕು

ಎಡಿ (ದೇವರ ಮುಂದಿಡುವ ನೈವೇದ್ಯ) ಹಿಡಿದದ್ದು ತಿನ್ನುವ ವಿಚಾರದಲ್ಲಿ ನಮ್ಮ ಸಭೆಗಳೇ ಒಂದಾಗಿಲ್ಲ. ಪೌಲನು 1 ಕೊರಿಂಥ 10ರಲ್ಲಿ ಎರಡೂ ಹೇಳುತ್ತಾನೆ: ಮುಂದೆ ಇಟ್ಟದ್ದನ್ನು ವಿಚಾರಿಸದೆ ತಿನ್ನಿ; ಇದು ವಿಗ್ರಹಕ್ಕೆ ಅರ್ಪಿಸಿದ್ದೆಂದು ಯಾರಾದರೂ ಹೇಳಿದರೆ, ಹೇಳಿದವನ ಸಲುವಾಗಿ ತಿನ್ನಬೇಡಿ. ನಿಮ್ಮ ಮನೆಯ ನಿಲುವು ಏನೇ ಇರಲಿ, ಹೋಗುವ ಮೊದಲೇ ತೀರ್ಮಾನಿಸಿಕೊಳ್ಳಿ. ತಟ್ಟೆ ಮುಂದೆ ಬಂದಾಗ ಗಂಡ ಹೆಂಡತಿಯ ಮುಖ ನೋಡುವುದು, ಹೆಂಡತಿ ನೆಲ ನೋಡುವುದು ನಿರಾಕರಣೆಗಿಂತ ಕೆಟ್ಟದು. ತೆಗೆದುಕೊಂಡು ಹೊರಗೆ ಬಂದು ನಾಯಿಗೆ ಹಾಕುವುದು ಎಲ್ಲಕ್ಕಿಂತ ಕೆಟ್ಟದು, ಓಣಿಯಲ್ಲಿ ಅದನ್ನು ಯಾರಾದರೂ ನೋಡಿಯೇ ನೋಡುತ್ತಾರೆ.

ತಿನ್ನದವರು ಹೇಳುವ ರೀತಿ: "ಎಡಿ ಇಟ್ಟದ್ದು ನಮ್ ಮನ್ಯಾಗ ನಡ್ಯಂಗಿಲ್ರಿ, ನಿಮ್ ಮ್ಯಾಲ ಏನೂ ಇಲ್ಲ. ರೊಟ್ಟಿ ಪಲ್ಯ ಇದ್ರ ನೀಡ್ರಿ, ಇಲ್ಲೇ ಉಂಡು ಹೋಗ್ತೀನಿ." ಎರಡನೇ ವಾಕ್ಯ ಬಿಟ್ಟರೆ ಮೊದಲನೆಯದು ಬರೀ ಗೋಡೆ. ಎಳ್ಳಮವಾಸ್ಯೆಯಂದು ಹೊಲಕ್ಕೆ ಕರೆದರೆ ಹೋಗಿ. ಭೂಮಿತಾಯಿಗೆಂದು ಅಡಿಗೆಯನ್ನು ಹೊಲದಲ್ಲಿ ಚೆಲ್ಲುವ ಚರಗದ ಹೊತ್ತಿಗೆ ದೂರ ನಿಲ್ಲುವವರು ಸುಮ್ಮನೆ ನಿಲ್ಲಿ, ಮುಖ ಸಿಂಡರಿಸಬೇಡಿ. ಆಮೇಲೆ ಸಜ್ಜಿ ರೊಟ್ಟಿ, ಭಜ್ಜಿ ಹೊಟ್ಟೆ ತುಂಬ ಉಣ್ಣಿ. ಆ ದಿನ ಹೊಲದಲ್ಲಿ ಮನುಷ್ಯರು ಮನೆಯೊಳಗಿಗಿಂತ ಹೆಚ್ಚು ಬಾಯಿ ಬಿಡುತ್ತಾರೆ.

ನಾವು ಕೊಡುವಾಗಲೂ ಇದೇ ಗಮನ ಬೇಕು. ಕ್ರಿಸ್‌ಮಸ್ ಕೇಕಿಗೆ ತತ್ತಿ ಬಿದ್ದಿರುತ್ತದೆ. ಲಿಂಗಾಯತ, ಬ್ರಾಹ್ಮಣ, ಜೈನ ಮನೆಗಳಿಗೆ ತತ್ತಿಯಿಲ್ಲದ್ದನ್ನು ಬೇರೆಯಾಗಿ ತನ್ನಿ, ಕೊಡುವಾಗಲೇ ಹೇಳಿ. ಕೋಳಿ ಬೇಯಿಸಿದ ಪಾತ್ರೆಯಲ್ಲಿ ಮಾಡಿದ ಪಾಯಸ ಕಳಿಸಬೇಡಿ. ಮುಸ್ಲಿಂ ನೆರೆಯವರಿಗೆ ಮಾಂಸದೂಟ ಇಟ್ಟರೆ ಜಬಿಹಾ ಮಾಡುವ, ಅಂದರೆ ಹಲಾಲ್ ರೀತಿಯಲ್ಲಿ ಕೊಯ್ಯುವ ಅಂಗಡಿಯದೇ ತನ್ನಿ, ಯಾವ ಅಂಗಡಿ ಎಂದೂ ಹೇಳಿ. ಅನುಮಾನವಿದ್ದರೆ ಪುಂಡಿಪಲ್ಯ, ಬೇಳೆ, ಅನ್ನ ಮಾಡಿ. ತೊಗರಿ ಬೆಳೆಯುವ ನಾಡಿನಲ್ಲಿ ಬೇಳೆಗೆ ಯಾರೂ ಬೇಡ ಅನ್ನುವುದಿಲ್ಲ.

ಕೆಡುವುದು ಎಲ್ಲಿ

ಅತಿ ಹೆಚ್ಚು ಕೆಡುವುದು ನಮ್ಮ ವಾಟ್ಸಾಪ್ ಗುಂಪಿನಲ್ಲಿ. ಪಕ್ಕದ ಮನೆಯಾಕೆ ನಂಬಿ ಹೇಳಿದ ಗಂಡನ ಕುಡಿತ ಸಂಜೆಯೊಳಗೆ 'ಪ್ರಾರ್ಥನಾ ವಿಷಯ'ವಾಗಿ 140 ಮಂದಿಗೆ ತಲುಪುತ್ತದೆ. ಚಾಡಿಗೆ ಆಮೆನ್ ಸೇರಿಸಿದರೆ ಪ್ರಾರ್ಥನೆಯಾಗುವುದಿಲ್ಲ. ನಿಯಮ: ಅವರ ಒಪ್ಪಿಗೆ ಇಲ್ಲದೆ ಹೆಸರು, ಓಣಿ, ಮನೆಯ ಗುರುತು ಯಾವುದೂ ಹೊರಗೆ ಹೋಗಬಾರದು, ಪಾಸ್ಟರ್‌ಗೂ ಕೂಡ. ಮುಸ್ಲಿಮರ ಬಗ್ಗೆ, ಹಿಂದೂಗಳ ಬಗ್ಗೆ ಬರುವ ಫಾರ್ವರ್ಡ್‌ಗಳೂ ಹಾಗೆಯೇ. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆ ಫಾರ್ವರ್ಡ್ ಬಟನ್ನಿಗೂ ಸೇರಿದ್ದು.

ಎರಡನೆಯದು, ಸಹಾಯ ಮತ್ತು ಬೋಧನೆಯನ್ನು ಒಂದೇ ಚೀಲಕ್ಕೆ ಹಾಕುವುದು. ರೇಷನ್ ಕಿಟ್ಟಿನಲ್ಲಿ ಕರಪತ್ರ ಇಡಬೇಡಿ. ಆಸ್ಪತ್ರೆಗೆ ಕರೆದೊಯ್ದ ದಿನ ಸುವಾರ್ತೆ ಹೇಳಬೇಡಿ. ಕೈ ಚಾಚಿದವನಿಗೆ 'ಬೇಡ' ಅನ್ನುವ ಸ್ವಾತಂತ್ರ್ಯ ಇರುವುದಿಲ್ಲ, ಆ ಹೊತ್ತಿನಲ್ಲಿ ಅವನು ಅನ್ನುವ 'ಹೌದು' ಹೌದಲ್ಲ. ಮತಾಂತರದ ಗುಲ್ಲೆಬ್ಬಿಸುವವರಿಗೆ ದಾರಿ ಮಾಡಿಕೊಡುವುದೂ ಇದೇ.

ಪ್ರಾರ್ಥನೆ ಮಾಡಲೇ ಎಂದು ಕೇಳಿ, ಹೂಂ ಅಂದರೆ ಮಾಡಿ. ಯೇಸುವಿನ ಹೆಸರಲ್ಲಿ ಮಾಡುತ್ತೇನೆಂದು ಮೊದಲೇ ತಿಳಿಸಿ. ತಲೆ ಮೇಲೆ ಕೈ ಇಡುವುದು ಬೇಡ. ಒಂದು ನಿಮಿಷದಲ್ಲಿ ಮುಗಿಸಿ, ಪ್ರಸಂಗವನ್ನು ದೇವರಿಗೆ ಹೇಳುವ ನೆಪದಲ್ಲಿ ಅವರಿಗೆ ಕೇಳಿಸಬೇಡಿ.

ಇನ್ನೊಂದು ತಪ್ಪು ನಯವಾದದ್ದು: 'ಎಲ್ಲಾ ದೇವರೂ ಒಂದೇ ಬಿಡ್ರಿ' ಎಂದು ಮಾತು ಮುಗಿಸುವುದು. ನೀವು ಅದನ್ನು ನಂಬಿಲ್ಲ, ಅವರಿಗೂ ಗೊತ್ತು. ಐದು ಹೊತ್ತು ನಮಾಜು ಮಾಡುವವರಿಗೆ, ದಿನಾ ಲಿಂಗಪೂಜೆ ಮಾಡಿಯೇ ಊಟಕ್ಕೆ ಕೂಡುವವರಿಗೆ ಇದು ಗೌರವವಲ್ಲ, ಕೇಳಲು ಬೇಸರವಾದಾಗ ಹಾಕುವ ಚಿಲಕ. ಬೇರೆಯಾದದ್ದು ಬೇರೆಯಾಗಿಯೇ ಇರಲಿ.

ಮೂವರ ಕೂಟ

ಇದನ್ನೆಲ್ಲ ಓದಿದರೆ ಬರುವುದಿಲ್ಲ, ಮಾಡಬೇಕು. ವಾರದ ಮನೆಪ್ರಾರ್ಥನೆ ಮುಗಿದ ಮೇಲೆ 25 ನಿಮಿಷ ಸಾಕು. ಮೂರು ಮೂರು ಮಂದಿ ಕೂಡಿ: ಒಬ್ಬ ಹೇಳುವವ, ಒಬ್ಬ ಕೇಳುವವ, ಒಬ್ಬ ನೋಡುವವ.

1. ಹೇಳುವವ 5 ನಿಮಿಷ ಮಾತಾಡಲಿ. ಕೇಳುವವ ಸಲಹೆ, ವಚನ, ತನ್ನ ಕಥೆ ಯಾವುದೂ ತರಬಾರದು. 'ಮುಂದ?' ಅನ್ನಬಹುದು.
2. ಕೇಳುವವ 1 ನಿಮಿಷದಲ್ಲಿ ತಿರುಗಿ ಹೇಳಲಿ. ಹೇಳಿದವ 'ಅದೇ' ಅನ್ನಬೇಕು, ಇಲ್ಲವೇ ತಿದ್ದಬೇಕು.
3. ನೋಡುವವ 2 ನಿಮಿಷ ವರದಿ ಕೊಡಲಿ: 'ಆದ್ರ' ಎಷ್ಟು ಸಲ ಬಂತು, ಕಣ್ಣು ಮೊಬೈಲಿಗೆ ಎಷ್ಟು ಸಲ ಹೋಯಿತು.

ಸರದಿ ಬದಲಿಸಿ. ಮೊದಲ ಎರಡು ವಾರ ಧರ್ಮದ ವಿಷಯ ಬೇಡ. ನೀರಿನ ಜಗಳ, ಮಗನ ಕೆಲಸ, ಬೆಳೆ ಹೋದದ್ದು ಸಾಕು. ಮೂರನೇ ವಾರ ಸಭೆಯೊಳಗಿನ ಬೇರೆತನ ತನ್ನಿ: ಮೆಥಡಿಸ್ಟ್, ಕಥೋಲಿಕ, ಪೆಂತೆಕೊಸ್ತ್; ದಲಿತರೊಳಗಿನ ಎಡಗೈ, ಬಲಗೈ ಪಂಗಡಗಳು. ಮದುವೆ ಮಾತು ಬಂದಾಗ ಈ ಗೆರೆ ಎಷ್ಟು ದಪ್ಪಗಿದೆ ಎಂದು ಎಲ್ಲರಿಗೂ ಗೊತ್ತು. ಇಲ್ಲಿ ಕೇಳಲಾಗದವರು ಹೊರಗೆ ಹೋಗಿ ಕೇಳುತ್ತೇವೆಂದರೆ ಯಾರು ನಂಬಬೇಕು? ಈ ವಾರ ಕೂಟಕ್ಕೆ ಬರುವವರ ಸಂಖ್ಯೆ ಕಡಿಮೆಯಾದರೆ ಗಾಬರಿಯಾಗಬೇಡಿ. ನಾಲ್ಕನೇ ವಾರದಿಂದ ಹೊರಗಿನ ಮನೆಗಳಿಗೆ ಹೋಗಿ, ಇಬ್ಬಿಬ್ಬರೇ. ನಾಲ್ವರು ಹೋದರೆ ಅದು ಭೇಟಿಯಲ್ಲ, ದಂಡು.

ನಿಮ್ಮ ಸರದಿ ಬಂದಾಗ

ಬರುತ್ತದೆ. ಮೂರನೆಯ ಭೇಟಿಗೋ ಹತ್ತನೆಯದಕ್ಕೋ "ಅಲ್ರಿ, ನೀವ್ ಏನ್ ನಂಬ್ತೀರಿ?" ಎಂದು ಅವರೇ ಕೇಳುತ್ತಾರೆ. ಆಗ ಮುಚ್ಚಿಡಬೇಡಿ. 1 ಪೇತ್ರ 3:15ರಲ್ಲಿ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ, ಆದರೆ ಸಾತ್ವಿಕತೆಯಿಂದ ಎಂದಿದೆ. ಕೇಳಿದವರಿಗೆ ಎಂದಿರುವುದನ್ನು ಗಮನಿಸಿ. ಮೂರು ನಿಮಿಷದೊಳಗೆ, ಸಭೆಯ ಭಾಷೆ ಬಿಟ್ಟು, ಯೇಸು ನಿಮಗೆ ಯಾರು ಎಂದು ಹೇಳಿ. ಮುಸ್ಲಿಂ ಮನೆಯಾದರೆ ಈಸಾ ನಬಿ, ಇಂಜೀಲ್ ಎಂಬ ಹೆಸರುಗಳು ಅವರಿಗೆ ಪರಿಚಿತ, ಅಲ್ಲಿಂದ ಶುರುಮಾಡಬಹುದು. ಎಲ್ಲಿ ನಿಮ್ಮ ದಾರಿ ಬೇರೆಯಾಗುತ್ತದೋ ಅಲ್ಲಿ ಬೇರೆ ಎಂದೇ ಹೇಳಿ. ಹೇಳಿ ಮುಗಿಸಿ "ನಿಮಗ ಇದು ಹ್ಯಾಂಗ ಕೇಳಸ್ತದ್ರಿ?" ಎಂದು ಮಾತನ್ನು ಅವರ ಕೈಗೆ ಕೊಡಿ.

ಮನೆಗೆ ಬಂದು ಒಂದೇ ಸಾಲು ಬರೆದಿಟ್ಟುಕೊಳ್ಳಿ, ಅವರ ನಂಬಿಕೆಯ ಬಗ್ಗೆ ಅಲ್ಲ, ಅವರ ಬದುಕಿನ ಬಗ್ಗೆ: ಮಗಳ ಪಿಯುಸಿ ಪರೀಕ್ಷೆ, ಎತ್ತಿನ ಕಾಲು, ಅವ್ವನ ವರ್ಷದ ತಿಥಿ. ಹದಿನೈದು ದಿನದೊಳಗೆ ಮತ್ತೆ ಹೋಗಿ. ಬಾಗಿಲಲ್ಲೇ ಕೇಳಿ: "ಎತ್ತಿನ ಕಾಲು ಹ್ಯಾಂಗ ಅದ್ರಿ ಈಗ?"